ಅಳೆಯದೆ ಬಿಟ್ಟ ದಾರಿ

ಆ ಊರು ಎಲ್ಲಿದೆ ಎಂದು ಕೇಳಬೇಡಿ. ಅಲ್ಲಿಗೆ ಹೋಗಿ ಬಂದವರು ದಾರಿ ಹೇಳುವುದಿಲ್ಲ. ಅಲ್ಲೇ ಇರುವವರಿಗೆ ದಾರಿಯ ಮಾತು ಬೇಕಾಗಿಲ್ಲ. ಒಂದು ತುದಿಯಲ್ಲಿ ಕೆರೆ, ಇನ್ನೊಂದು ತುದಿಯಲ್ಲಿ ಹಳೆಯ ಕೋಟೆಯ ಬಾಗಿಲು, ಎರಡರ ನಡುವೆ ಶಾಲೆ, ಶಾಲೆಯ ಮುಂದೆ ಒಂದು ಹುಣಸೆಮರ. ಇಷ್ಟೇ ಊರು. ಬೇರೆ ಕಡೆ ಇಲ್ಲದ ಸಂಗತಿ ಅಲ್ಲಿ ಒಂದೇ ಒಂದಿತ್ತು. ಅಲ್ಲಿನ ಸ್ಲೇಟುಗಳು ತಮ್ಮಷ್ಟಕ್ಕೆ ತಾವೇ ಅಕ್ಷರ ಹಿಡಿಯುತ್ತಿರಲಿಲ್ಲ.

ದಿನಾ ಬೆಳಿಗ್ಗೆ ಅಮ್ಮ ತೊಂಡೆ ಎಲೆಯನ್ನು ನೀರಿನಲ್ಲಿ ಅದ್ದಿ ಮಗುವಿನ ಸ್ಲೇಟು ಉಜ್ಜಬೇಕು. ಉಜ್ಜುತ್ತಾ, "ನಿನ್ನೆಯದು ಹೋಗಲಿ" ಎನ್ನಬೇಕು. ಆ ಒದ್ದೆ ಆರುವ ಮೊದಲೇ ಅಪ್ಪ ಹೆಗಲ ಮೇಲಿನ ಟವೆಲಿನಿಂದ ಅದನ್ನು ಒರೆಸಬೇಕು. ಒರೆಸುತ್ತಾ, "ಇವತ್ತಿನದು ನಿಲ್ಲಲಿ" ಎನ್ನಬೇಕು. ಆಗ ಮಾತ್ರ ಬಳಪ ಕಚ್ಚುತ್ತದೆ, ಸಂಜೆಯವರೆಗೆ ಬರೆದದ್ದು ನಿಲ್ಲುತ್ತದೆ. ಅಪ್ಪನೋ ಅಮ್ಮನೋ ತೀರಿಕೊಂಡ ಮಕ್ಕಳಿಗೆ ಮೇಷ್ಟ್ರು ಬದಲಿ ಕೈ ಕೊಡುತ್ತಾರೆ, ಅದಕ್ಕೂ ನಿಯಮವಿದೆ. ಯಾಕೆ ಹೀಗೆ ಎಂದು ಕೇಳಿದರೆ ಆ ಊರಿನವರು ನಿಮ್ಮ ಮುಖವನ್ನೇ ನೋಡುತ್ತಾರೆ. ಹೀಗಲ್ಲದೆ ಇನ್ನು ಹೇಗೆ ಎನ್ನುವುದು ಅವರ ಕಷ್ಟ.

ಇನ್ನೊಂದು ನಿಯಮವೂ ಇತ್ತು. ಹದಿನೆಂಟು ತುಂಬಿದ ವರ್ಷ, ಒಂದು ಬೆಳಿಗ್ಗೆ, ಬೀದಿಯ ಎಲ್ಲರ ಎದುರು ಕೂತು ತನ್ನ ಸ್ಲೇಟನ್ನು ತಾನೇ ಒದ್ದೆ ಮಾಡಿ, ತಾನೇ ಒರೆಸಿ, ಎರಡೂ ಮಾತನ್ನು ತಾನೇ ಹೇಳಬೇಕು. ಅಂದಿನಿಂದ ದೊಡ್ಡವರು. ದೊಡ್ಡವರಿಗೆ ಯಾರೂ ತಲೆ ಬಾಚುವುದಿಲ್ಲ, ಬಾಯಿಗೆ ತುತ್ತು ಇಡುವುದಿಲ್ಲ, ಮುದ್ದಿನ ಹೆಸರು ಹಿಡಿದು ಕರೆಯುವುದಿಲ್ಲ. ಹಾಗೆ ದೊಡ್ಡವರಾದವರು ಮತ್ತೆ ಚಿಕ್ಕವರಾಗುವುದಿಲ್ಲ. ಎಲ್ಲ ಊರಿನಲ್ಲೂ ಹಾಗೆಯೇ ಅನ್ನಿ. ಅಲ್ಲಿ ಅದನ್ನು ಬಾಯಿಬಿಟ್ಟು ಹೇಳುತ್ತಾರೆ, ಅಷ್ಟೇ. ಹದಿನೆಂಟಕ್ಕೆ ಮೊದಲು ಮಾಡಬಾರದು ಎಂದೇನೂ ಯಾರೂ ಹೇಳಿರಲಿಲ್ಲ. ಹೇಳುವ ಅಗತ್ಯ ಬಂದಿರಲಿಲ್ಲ.

ಹುಡುಗಿಗೆ ಎಂಟು ವರ್ಷ. ಶಾಲೆಯಲ್ಲಿ ಮೊದಲ ಸಾಲಿನಲ್ಲಿ ಗಾಣದವರ ಮಗಳ ಪಕ್ಕ ಅವಳ ಜಾಗ. ಅವಳ ಅಕ್ಷರ ಎಷ್ಟು ದುಂಡಗೆ ಎಂದರೆ ಮೇಷ್ಟ್ರು ಅವಳ ಸ್ಲೇಟನ್ನು ಎತ್ತಿ ಹಿಡಿದು ಬೇರೆ ಮಕ್ಕಳಿಗೆ ತೋರಿಸುತ್ತಿದ್ದರು. ಹೋದ ವರ್ಷದ ಪರೀಕ್ಷೆಯ ದಿನ ಅವಳು ಎಲ್ಲ ಲೆಕ್ಕವನ್ನೂ ಸರಿ ಮಾಡಿದ್ದಳು. ಪಾಸಾದ ಮಕ್ಕಳ ಬಾಯಿಗೆ ಅಪ್ಪ ಅಮ್ಮ ಒಂದೊಂದು ಬೆಲ್ಲದ ಚೂರು ಇಡುವುದು ಅಲ್ಲಿನ ಪದ್ಧತಿ. ಅಮ್ಮ ಒಂದು ಕೆನ್ನೆಗೆ ಇಟ್ಟಳು, ಅಪ್ಪ ಇನ್ನೊಂದಕ್ಕೆ ತುರುಕಿದ. ಎರಡೂ ಕೆನ್ನೆ ಉಬ್ಬಿ ಮಾತು ಹೊರಡದೆ ನಿಂತವಳನ್ನು ನೋಡಿ ಇಬ್ಬರೂ ನಕ್ಕಿದ್ದರು. ಅವರು ಒಟ್ಟಿಗೆ ನಕ್ಕದ್ದು ಅವಳ ನೆನಪಿನಲ್ಲಿ ಅದೇ ಕೊನೆಯ ಸಲ.

ಆಮೇಲೆ ಒಂದು ದಿನ ಪಾಲಿನಜ್ಜ ಮನೆಗೆ ಬಂದ. ಗಂಡ ಹೆಂಡತಿ ಬೇರೆಯಾದರೆ ಪಾಲು ಮಾಡಿ ಕೊಡುವ ಹಿರಿಯ ಆತ. ಅವನ ಕೈಯಲ್ಲಿ ಗಂಟು ಗಂಟಿನ ಅಳತೆ ಹಗ್ಗ. ಯಾಕೆ ಬೇರೆಯಾಗುತ್ತಿದ್ದಾರೆ ಎಂಬುದಕ್ಕೆ ಊರು ಹತ್ತು ಕಾರಣ ಹೇಳಿತು. ಹುಡುಗಿಗೆ ಮಾತ್ರ ಯಾರೂ ಒಂದನ್ನೂ ಹೇಳಲಿಲ್ಲ. ಅವಳು ಹೊಸಿಲ ಮೇಲೆ ಸ್ಲೇಟು ಹಿಡಿದು ಕೂತು ನೋಡಿದಳು.

ಪಾಲಿನಜ್ಜ ಹಗ್ಗ ಹಿಡಿದು ಚಾಪೆ ಅಳೆದ. ಕಂಬಳಿ ಅಳೆದ. ಅನ್ನ ಮಾಡುವ ಕೊಳದಪ್ಪಲೆಯ ಬಾಯಿ ಅಳೆದ. ಹಿತ್ತಿಲ ದಾಸವಾಳದ ಗಿಡ ಅಳೆದು, ಕೆಳಗಿನ ಕೊಂಬೆಯ ಹೂವು ಅಮ್ಮನಿಗೆ, ಮೇಲಿನ ಕೊಂಬೆಯದು ಅಪ್ಪನಿಗೆ ಎಂದ. ಅಮ್ಮನಿಗೆ ಕೆರೆಯ ಬಳಿ ಮನೆ, ಅಪ್ಪನಿಗೆ ಕೋಟೆ ಬಾಗಿಲ ಬಳಿ. ಹುಡುಗಿ ಮಲಗುವುದು ಅಮ್ಮನ ಮನೆಯಲ್ಲಿ, ಬೆಳಗಿನ ಗಂಜಿ ಕುಡಿಯುವುದು ಅಪ್ಪನ ಮನೆಯಲ್ಲಿ. ಕೊನೆಗೆ ಅವಳ ತೊಡೆಯ ಮೇಲಿದ್ದ ಸ್ಲೇಟಿನ ಮೇಲೆ ಅವನ ಕಣ್ಣು ಬಿತ್ತು.

"ಇದು?" ಎಂದ.

"ಸ್ಲೇಟು ನನ್ನ ಹತ್ರ ಇರ್ಲಿ," ಎಂದಳು ಅಮ್ಮ.

"ಅದ್ಯಾಕೆ? ನನ್ನ ಕೈ ಬೀಳ್ದೆ ಇದ್ರೆ ಅದು ಬರಿಯುತ್ತಾ?" ಎಂದ ಅಪ್ಪ.

ಪಾಲಿನಜ್ಜ ಎರಡೂ ಕೈ ಎತ್ತಿದ. "ಸ್ಲೇಟಿಗೆ ಪಾಲಿಲ್ಲ ಕಣ್ರಪ್ಪಾ. ಒದ್ದೆ ಮಾಡೋದು ತಾಯಿ ಕೈ, ಒರೆಸೋದು ತಂದೆ ಕೈ. ಅದು ಹೆಂಗಿದ್ಯೋ ಹಂಗೇ ನಡೀಲಿ. ಮಗೀಗೆ ಒಂದು ಚೂರೂ ಕಮ್ಮಿ ಆಗಬಾರದು."

ಸೇರಿದ್ದವರೆಲ್ಲ ತಲೆದೂಗಿದರು. ಎಂಥ ನ್ಯಾಯ, ಎಂದರು. ಅಮ್ಮನಿಗೂ ಸಮಾಧಾನ, ಅಪ್ಪನಿಗೂ ಸಮಾಧಾನ. ಪಾಲಿನಜ್ಜ ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಂಡ. ಅಷ್ಟೊಂದು ಅಳೆದವನು ಒಂದನ್ನು ಮಾತ್ರ ಅಳೆಯಲಿಲ್ಲ: ಕೆರೆಯ ಮನೆಯಿಂದ ಕೋಟೆ ಮನೆಗೆ ಇರುವ ದಾರಿ. ಆ ದಾರಿಯಲ್ಲಿ ನಡೆಯಬೇಕಾದವಳು ಒಬ್ಬಳೇ ಆಗಿದ್ದಳು, ಅವಳನ್ನು ಯಾರೂ ಕೇಳಲಿಲ್ಲ.

ಮೊದಲ ಬೆಳಿಗ್ಗೆ ಅಮ್ಮ ತೊಂಡೆ ಎಲೆ ಅದ್ದಿ ಉಜ್ಜಿದಳು. "ನಿನ್ನೆಯದು ಹೋಗಲಿ." ಹುಡುಗಿ ಒದ್ದೆ ಸ್ಲೇಟನ್ನು ಎರಡೂ ಕೈಯಲ್ಲಿ ಅಡ್ಡ ಹಿಡಿದು ಹೊರಟಳು. ಕೆರೆ ಏರಿ ದಾಟಿದಳು, ಗಾಣದ ಬೀದಿ ದಾಟಿದಳು, ತನ್ನ ಶಾಲೆಯನ್ನೇ ದಾಟಿದಳು. ಹುಣಸೆಮರದ ಹತ್ತಿರ ಗಾಳಿ ಬೀಸಿತು. ಸ್ಲೇಟಿನ ಅಂಚು ಮೊದಲು ಬೆಳ್ಳಗಾಯಿತು, ಆಮೇಲೆ ಮೂಲೆ, ಆಮೇಲೆ ನಡುವೆ ಅಂಗೈಯಗಲದ ಒದ್ದೆ ಉಳಿಯಿತು, ಆಮೇಲೆ ಅದೂ ಇಲ್ಲ. ಕೋಟೆ ಬಾಗಿಲಿಗೆ ಬರುವಾಗ ಸ್ಲೇಟು ಪೂರ್ತಿ ಆರಿತ್ತು. ಅಪ್ಪ ಬಾಗಿಲಲ್ಲೇ ಕಾಯುತ್ತಿದ್ದ. ಒಣ ಸ್ಲೇಟನ್ನು ಟವೆಲಿನಿಂದ ಚೆನ್ನಾಗಿ ಒರೆಸಿದ. "ಇವತ್ತಿನದು ನಿಲ್ಲಲಿ." ಗಂಜಿ ಕುಡಿಸಿದ, ಮೂತಿ ಒರೆಸಿದ, ಬಂದ ದಾರಿಯಲ್ಲೇ ಅರ್ಧ ವಾಪಸು ಕಳಿಸಿದ.

ಶಾಲೆಯಲ್ಲಿ ಮೇಷ್ಟ್ರು ಕೂಡುವ ಲೆಕ್ಕ ಹೇಳಿದರು: ನಲವತ್ತೇಳಕ್ಕೆ ಮೂವತ್ತೆಂಟು. ಹುಡುಗಿ ಬರೆದಳು. ಬಳಪ ಕಿರ್ ಕಿರ್ ಎಂದಿತು, ಗೆರೆ ಮೂಡಲಿಲ್ಲ. ಮೇಷ್ಟ್ರು ಸಾಲಿನಲ್ಲಿ ಬಂದು ನಿಂತರು.

"ಯಾಕೆ ಮಗು, ಬರೀಲೇ ಇಲ್ಲ?"

"ಬರ್ದಿದೀನಿ ಸಾರ್."

ಮೇಷ್ಟ್ರು ಸ್ಲೇಟನ್ನು ಬೆಳಕಿಗೆ ಓರೆ ಹಿಡಿದರು. ಕಪ್ಪು ಬಿಟ್ಟರೆ ಏನೂ ಇಲ್ಲ. "ಬಾಯಲ್ಲಿ ಹೇಳು ನೋಡೋಣ."

"ಎಂಬತ್ತೈದು ಸಾರ್."

ಸರಿಯಾಗಿಯೇ ಇತ್ತು. ಆದರೆ ಆ ಶಾಲೆಯಲ್ಲಿ ಬಾಯಲ್ಲಿ ಹೇಳಿದ್ದಕ್ಕೆ ಬೆಲೆಯಿಲ್ಲ; ಸ್ಲೇಟಿನ ಮೇಲೆ ನಿಂತದ್ದೇ ಉತ್ತರ. ಮೇಷ್ಟ್ರಿಗೆ ಸಂಗತಿ ಅರ್ಥವಾಯಿತು, ಆದರೂ ಏನೂ ಮಾಡಲು ತೋಚದೆ ಮುಂದಿನ ಮಗುವಿನ ಬಳಿ ಹೋದರು.

ಮರುದಿನ ಹುಡುಗಿ ಓಡಿದಳು. ಓಡಿದರೆ ಗಾಳಿ ಇನ್ನೂ ಜೋರಾಗಿ ಬಡಿಯಿತು, ಸ್ಲೇಟು ಇನ್ನೂ ಬೇಗ ಆರಿತು. ಅದರ ಮರುದಿನ ಮೆಲ್ಲಗೆ ನಡೆದಳು. ಬಿಸಿಲು ಏರಿತು, ಸ್ಲೇಟು ಆರಿತು. ಲಂಗದ ಮಡಿಲಲ್ಲಿ ಮುಚ್ಚಿಕೊಂಡು ಹೋದಳು. ಲಂಗ ಒದ್ದೆಯಾಯಿತು, ಸ್ಲೇಟು ಆರಿತು. ಹುಣಸೆಮರದ ಬುಡಕ್ಕೆ ಬಂದಾಗ ನೋಡಬೇಕು ಎಂದುಕೊಳ್ಳುತ್ತಿದ್ದಳು. ನೋಡುತ್ತಿದ್ದಳು. ಆರಿರುತ್ತಿತ್ತು.

ಸುದ್ದಿ ಎರಡೂ ಮನೆಗೆ ಮುಟ್ಟಿತು. ಅಮ್ಮ ಹೇಳಿದಳು, "ನಿಮ್ಮಪ್ಪ ಸರಿಯಾಗಿ ಒರೆಸ್ತಿಲ್ಲ ಪುಟ್ಟಿ. ಮೊದ್ಲಿಂದಲೂ ಅಷ್ಟೇ ಆ ಮನುಷ್ಯ, ಮೇಲ್ಮೇಲೆ." ಅಪ್ಪ ಹೇಳಿದ, "ನಿಮ್ಮಮ್ಮ ನೀರು ಮುಟ್ಟಿಸ್ತಾಳೋ ಇಲ್ವೋ? ನನ್ನ ಮೇಲಿನ ಸಿಟ್ಟು ಸ್ಲೇಟಿನ ಮೇಲೆ ತೀರಿಸ್ಕೋತಿದಾಳೆ." ಹಾಗೆಂದು ಇಬ್ಬರೂ ಸುಮ್ಮನೆ ಕೂರುವವರಲ್ಲ. ಮಗಳ ಮೇಲೆ ಪ್ರಾಣ. ಅಮ್ಮ ಮೂರು ಸಲ ಉಜ್ಜತೊಡಗಿದಳು. ಅಪ್ಪ ಮೂರು ಸಲ ಒರೆಸತೊಡಗಿದ. ಅಮ್ಮ ಐದು ಸಲ ಎಂದು ಗೊತ್ತಾಗಿ ಅಪ್ಪ ಏಳು ಸಲ ಮಾಡಿದ. ಉಜ್ಜಿ ಒರೆಸಿ ಸ್ಲೇಟು ಊರಿಗೆಲ್ಲ ಹೆಚ್ಚು ಕಪ್ಪಾಯಿತು, ಅದರ ಮರದ ಚೌಕಟ್ಟಿನ ಒಂದು ಮೂಲೆ ಸಡಿಲವಾಯಿತು.

ಒಂದೇ ಒಂದು ಸಲ ಹುಡುಗಿ, "ದಾರಿ ದೂರ ಅಮ್ಮ," ಎಂದಳು.

"ಅದಕ್ಕೆ ನಾನೇನು ಮಾಡ್ಲಿ? ಅಷ್ಟು ದೂರ ಮನೆ ಮಾಡಿದೋರು ಯಾರು, ಅವರನ್ನ ಕೇಳು," ಎಂದಳು ಅಮ್ಮ.

ಅಪ್ಪನ ಬಳಿಯೂ ಹೇಳಿದಳು. "ಕೆರೆ ಹತ್ರ ಹೋಗಿ ಕೂತೋರು ಯಾರು ಪುಟ್ಟಿ? ನಾನಾ?" ಎಂದ ಅಪ್ಪ.

ಆಮೇಲೆ ಅವಳು ಆ ಮಾತು ಎತ್ತಲಿಲ್ಲ. ಅಳಲೂ ಇಲ್ಲ. ಅತ್ತಿದ್ದರೆ ಯಾರಿಗಾದರೂ ಗೊತ್ತಾಗುತ್ತಿತ್ತೋ ಏನೋ. ಅವಳೊಳಗೆ ಏನೋ ಒಂದು ಮೆಲ್ಲಗೆ ಜೋಮು ಹಿಡಿಯುತ್ತಾ ಬಂತು, ಬಹಳ ಹೊತ್ತು ಒಂದೇ ಕಡೆ ಕೂತ ಕಾಲಿನ ಹಾಗೆ.

ಮೇಷ್ಟ್ರು ಒಳ್ಳೆಯವರು. ಒಂದು ದಿನ ಶಾಲೆ ಬಿಟ್ಟ ಮೇಲೆ ಪಾಲಿನಜ್ಜನ ಜಗಲಿಗೆ ಹೋಗಿ ಕೂತರು.

"ಆ ಮಗುವಿಗೆ ನಾನೇ ಬದಲಿ ಕೈ ಕೊಡ್ತೀನಿ ಅಜ್ಜ. ಅಪ್ಪಣೆ ಕೊಡಿ."

ಪಾಲಿನಜ್ಜ ಗಾಬರಿಯಾದ. "ಏನು ಮೇಷ್ಟ್ರೆ ನೀವು! ಬದಲಿ ಕೈ ಇರೋದು ಇಲ್ಲದೋರಿಗೆ. ಆ ಮಗೀಗೆ ಇಬ್ರೂ ಕಲ್ಲುಗುಂಡಿನ ಹಾಗೆ ಇದಾರೆ. ಬದುಕಿರೋರ ಜಾಗಕ್ಕೆ ಬದಲಿ ಕೈ ಇಟ್ರೆ ಅವರನ್ನ ಸಾಯಿಸ್ದಂಗೆ ಆಗಲ್ವಾ? ಬಿಡ್ತು ಅನ್ನಿ."

"ಇದಾರೆ, ನಿಜ. ಇಬ್ರೂ ಇದಾರೆ," ಎಂದರು ಮೇಷ್ಟ್ರು. "ನಡುವೆ ದಾರಿ ಇದೆ."

"ದಾರಿ ಅಂದ್ಮೇಲೆ ಇದ್ದೇ ಇರುತ್ತೆ," ಎಂದ ಪಾಲಿನಜ್ಜ.

ತಿಂಗಳು ಕಳೆಯಿತು. ಕಾಣದ್ದನ್ನು ಬರೆಯುವುದು ಹುಡುಗಿಗೆ ಅಭ್ಯಾಸವಾಯಿತು. ಆದರೆ ಕೂಡುವ ಲೆಕ್ಕದಲ್ಲಿ ಒಂದು ತೊಂದರೆ. ಏಳಕ್ಕೆ ಎಂಟು ಕೂಡಿದರೆ ಹದಿನೈದು. ಐದನ್ನು ಕೆಳಗೆ ಬರೆದು, ಕೈಯಲ್ಲಿ ಒಂದು ಎಂದು ಆ ಒಂದನ್ನು ಪಕ್ಕದ ಸಾಲಿನ ತಲೆಯ ಮೇಲೆ ಬರೆದಿಡಬೇಕು. ಬರೆದದ್ದೇ ಕಾಣದಿದ್ದರೆ ಇಡುವುದೆಲ್ಲಿ? ಅವಳು ಆ ಒಂದನ್ನು ಎಡಗೈಯ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದಳು. ಯಾರಾದರೂ ಕೆಮ್ಮಿದರೆ, ಗಾಣದವರ ಮಗಳ ಮೊಣಕೈ ತಗುಲಿದರೆ, ಹೊರಗೆ ಅಪ್ಪನ ದನಿಯಂಥ ದನಿ ಕೇಳಿದರೆ, ಮುಷ್ಟಿ ಸಡಿಲಾಗಿ ಅದು ಎಲ್ಲೋ ಬಿದ್ದುಹೋಗುತ್ತಿತ್ತು.

"ನಲವತ್ತೇಳಕ್ಕೆ ಮೂವತ್ತೆಂಟು. ಬಾಯಲ್ಲಿ ಹೇಳು ಮಗು," ಎಂದರು ಮೇಷ್ಟ್ರು ಒಂದು ದಿನ.

"ಎಪ್ಪತ್ತೈದು ಸಾರ್."

ಬಾಯಿಮಾತಿಗೆ ಬೆಲೆಯಿಲ್ಲದಿದ್ದರೂ ಮೇಷ್ಟ್ರಿಗೆ ಕಿವಿ ಇರುತ್ತದಲ್ಲ. ಮೊದಲು ಇವಳಿಗೆ ಉತ್ತರ ಗೊತ್ತಿತ್ತು, ಸ್ಲೇಟಿನಲ್ಲಿ ಕಾಣುತ್ತಿರಲಿಲ್ಲ. ಈಗ ಗೊತ್ತೇ ಇಲ್ಲ.

"ಪರೀಕ್ಷೆಗೆ ಇನ್ನು ಹತ್ತು ದಿನ ಇದೆ ಮಗು," ಎಂದಷ್ಟೇ ಹೇಳಿದರು.

ಹತ್ತು ದಿನ ಎಂದರೆ ಏನು ಎಂದು ಎಲ್ಲ ಮಕ್ಕಳಿಗೂ ಗೊತ್ತಿತ್ತು. ಪರೀಕ್ಷೆಯ ದಿನ ಖಾಲಿ ಸ್ಲೇಟು ಹಿಡಿದವರು ಹಿಂದಿನ ಗೋಡೆ ಸಾಲಿಗೆ ಹೋಗಬೇಕು. ಅಲ್ಲಿ ಆಗಲೇ ಐದು ಮಕ್ಕಳಿದ್ದರು. ಅವರ ಸ್ಲೇಟುಗಳು ತುಂಬಾ ಕಪ್ಪು, ತುಂಬಾ ಚೊಕ್ಕಟ. ಅವರನ್ನು ಯಾರೂ ಬೈಯುತ್ತಿರಲಿಲ್ಲ, ಯಾರೂ ಏನೂ ಕೇಳುತ್ತಿರಲಿಲ್ಲ. ಗೋಡೆ ಸಾಲಿನಿಂದ ಮುಂದಕ್ಕೆ ಬಂದವರನ್ನು ಆ ಊರು ಕಂಡಿರಲಿಲ್ಲ. ಹುಡುಗಿ ಒಂದೊಂದು ಸಲ ತಿರುಗಿ ಅವರನ್ನು ನೋಡುತ್ತಿದ್ದಳು. ಗಾಣದವರ ಮಗಳು ಈಗ ಅವಳ ಕಡೆಗೆ ತಿರುಗುವುದನ್ನು ಬಿಟ್ಟಿದ್ದಳು, ಬೇಸರದಿಂದಲ್ಲ, ಹೆದರಿಕೆಯಿಂದ.

ಪರೀಕ್ಷೆಯ ದಿನ ಅಮ್ಮ ಹನ್ನೊಂದು ಸಲ ಉಜ್ಜಿದಳು. "ನಿನ್ನೆಯದು ಹೋಗಲಿ, ನಿನ್ನೆಯದು ಹೋಗಲಿ." ಹುಡುಗಿ ಕೆರೆ ಏರಿ ದಾಟಿದಳು, ಗಾಣದ ಬೀದಿ ದಾಟಿದಳು, ಶಾಲೆ ದಾಟಿದಳು. ಹುಣಸೆಮರದ ಬುಡದಲ್ಲಿ ನೋಡಿದಳು. ಆರಿತ್ತು. ಅಪ್ಪ ಹೊಸ ಟವೆಲು ಹಾಕಿಕೊಂಡು ನಿಂತಿದ್ದ. ಹದಿಮೂರು ಸಲ ಒರೆಸಿದ.

"ಇವತ್ತು ಬರುತ್ತೆ ಅಲ್ವಾ ಪುಟ್ಟಿ?"

"ಬರುತ್ತೆ ಅಪ್ಪ."

ಶಾಲೆಯ ಜಗಲಿಯ ತುಂಬ ಅಪ್ಪ ಅಮ್ಮಂದಿರು. ಒಬ್ಬೊಬ್ಬರ ಕೈಯಲ್ಲೂ ಎಲೆಯಲ್ಲಿ ಸುತ್ತಿದ ಬೆಲ್ಲ. ಹುಡುಗಿಯ ಅಮ್ಮ ಆ ಕಡೆಯ ಕಂಬಕ್ಕೆ ಒರಗಿ ನಿಂತಳು, ಅಪ್ಪ ಈ ಕಡೆಯ ಕಂಬಕ್ಕೆ. ಸ್ಲೇಟು ನೋಡುವ ಹಿರಿಯನೂ ಪಾಲಿನಜ್ಜನೇ. ಆ ಊರಿನಲ್ಲಿ ನೋಡುವುದು, ಅಳೆಯುವುದು, ಹೇಳುವುದು ಎಲ್ಲಕ್ಕೂ ಅವನೊಬ್ಬನೇ. ಮೇಷ್ಟ್ರು ಲೆಕ್ಕ ಹೇಳಿದರು. "ನಲವತ್ತೇಳಕ್ಕೆ ಮೂವತ್ತೆಂಟು." ಬಳಪಗಳು ಒಟ್ಟಿಗೆ ಕಿರ್ ಎಂದವು.

ಹುಡುಗಿ ಬರೆದಳು. ಮೂಡಲಿಲ್ಲ. ಇನ್ನೊಮ್ಮೆ ಒತ್ತಿ ಬರೆದಳು. ಮೂಡಲಿಲ್ಲ. ಪಾಲಿನಜ್ಜ ಸಾಲಿನ ಆ ತುದಿಯಿಂದ ಒಂದೊಂದೇ ಸ್ಲೇಟು ನೋಡುತ್ತಾ ಬರುತ್ತಿದ್ದ. ನಾಲ್ಕು ಮಕ್ಕಳಾಚೆ ಇದ್ದ. ಹುಡುಗಿ ತಲೆ ಎತ್ತಿ ಜಗಲಿಯ ಕಡೆ ನೋಡಿದಳು. ಅಮ್ಮನಾದರೂ ನೋಡಲಿ, ಅಪ್ಪನಾದರೂ ನೋಡಲಿ, ಯಾರಾದರೊಬ್ಬರು ನೋಡಿದರೆ ಸಾಕು ಎಂದಿತ್ತು ಅವಳಿಗೆ. ಅಮ್ಮ ಅಪ್ಪನ ಟವೆಲನ್ನು ದುರುಗುಟ್ಟಿ ನೋಡುತ್ತಿದ್ದಳು. ಅಪ್ಪ ಅಮ್ಮನ ಕೈಯನ್ನು ದುರುಗುಟ್ಟಿ ನೋಡುತ್ತಿದ್ದ. ಇಬ್ಬರ ನಡುವೆ ಕೂತಿದ್ದ ಅವಳ ಮೇಲೆ ಯಾರ ಕಣ್ಣೂ ಇರಲಿಲ್ಲ.

ಪಾಲಿನಜ್ಜ ಎರಡು ಮಕ್ಕಳಾಚೆ ಇದ್ದ.

ಹುಡುಗಿ ಸ್ಲೇಟನ್ನು ಮಡಿಲಿಗೆ ಇಳಿಸಿದಳು. ಅದರ ಮೇಲೆ ಉಗುಳಿದಳು. ಅಂಗೈಯಿಂದ ಉಜ್ಜಿದಳು. "ನಿನ್ನೆಯದು ಹೋಗಲಿ," ಎಂದಳು. ದನಿ ಅವಳದೇ, ಆದರೆ ಎಲ್ಲೋ ದೂರದಿಂದ ಬಂದಂತಿತ್ತು. ಲಂಗದ ಅಂಚು ಹಿಡಿದು ಒರೆಸಿದಳು. "ಇವತ್ತಿನದು ನಿಲ್ಲಲಿ," ಎಂದಳು.

ಗಾಣದವರ ಮಗಳು ಬಾಯಿಗೆ ಕೈ ಇಟ್ಟುಕೊಂಡಳು. ಹುಡುಗಿ ಬಳಪ ಊರಿದಳು. ಬೆಳ್ಳಗೆ, ದುಂಡಗೆ ಮೂಡಿತು. ನಲವತ್ತೇಳು. ಕೆಳಗೆ ಮೂವತ್ತೆಂಟು. ಏಳಕ್ಕೆ ಎಂಟು ಹದಿನೈದು, ಕೆಳಗೆ ಐದು. ಎಡಗೈಯ ಮುಷ್ಟಿ ಬಿಚ್ಚಿ ಆ ಒಂದನ್ನು ನಾಲ್ಕರ ತಲೆಯ ಮೇಲೆ ಬರೆದಳು. ನಾಲ್ಕು, ಮೂರು, ಒಂದು, ಎಂಟು. ಎಂಬತ್ತೈದು.

ಪಾಲಿನಜ್ಜ ಎದುರು ಬಂದು ನಿಂತ. ಸ್ಲೇಟು ನೋಡಿದ, ಒದ್ದೆಯಾದ ಲಂಗದ ಅಂಚು ನೋಡಿದ. ಅವನ ಕೈ ಅಭ್ಯಾಸಬಲದಿಂದ ಅವಳ ತಲೆ ಸವರಲು ಮುಂದೆ ಬಂತು. ಅರ್ಧದಲ್ಲೇ ನಿಂತಿತು. ಆಮೇಲೆ ಎರಡೂ ಕೈ ಜೋಡಿಸಿದ, ದೊಡ್ಡವರಿಗೆ ಮುಗಿಯುವ ಹಾಗೆ.

"ಸರಿಯಾಗಿದೆ," ಎಂದ. "ಪೂರ್ತಿ ಸರಿಯಾಗಿದೆ."

ಮೇಷ್ಟ್ರು ಕಿಟಕಿಯ ಕಡೆ ತಿರುಗಿ ನಿಂತುಬಿಟ್ಟರು.

ಹೊರಗೆ ಮಕ್ಕಳು ಬಾಯಿ ತೆರೆದು ಓಡಿದರು, ಬೆಲ್ಲ ಕಚ್ಚಿ ನಕ್ಕರು. ಹುಡುಗಿ ಜಗಲಿಯ ಮೆಟ್ಟಿಲ ಮೇಲೆ ಬಂದು ನಿಂತಳು. ಅಮ್ಮ ಆ ಕಂಬದಿಂದ ಓಡಿಬಂದಳು, ಅಪ್ಪ ಈ ಕಂಬದಿಂದ ಓಡಿಬಂದ. ಪಾಲಾದ ಮೇಲೆ ಇಬ್ಬರೂ ಒಂದೇ ಮೆಟ್ಟಿಲ ಮೇಲೆ ನಿಂತದ್ದು ಅದೇ ಮೊದಲು. ಇಬ್ಬರ ಬೆರಳಲ್ಲೂ ಬೆಲ್ಲ. ಹುಡುಗಿ ತಿಳಿಯದೆ ಬಾಯಿ ತೆರೆದಳು. ಎರಡೂ ಕೈ ಅವಳ ಕೆನ್ನೆಯ ಹತ್ತಿರದವರೆಗೆ ಬಂದವು, ಅಲ್ಲೇ ನಿಂತವು. ದೊಡ್ಡವರ ಬಾಯಿಗೆ ಯಾರೂ ತುತ್ತು ಇಡುವುದಿಲ್ಲ. ಅಮ್ಮ ಪುಟ್ಟಿ ಎನ್ನಲು ಹೋದಳು, ಹೆಸರನ್ನು ಅರ್ಧಕ್ಕೇ ನುಂಗಿದಳು.

ಹುಡುಗಿ ಬಾಯಿ ಮುಚ್ಚಿಕೊಂಡಳು. ಅವರಿಗೆ ಕಷ್ಟವಾಗಬಾರದು ಎಂದು ತಾನೇ ಅಂಗೈ ಚಾಚಿದಳು.

ಅಮ್ಮ ಅಂಗೈಯಲ್ಲಿ ಒಂದು ಚೂರು ಇಟ್ಟಳು. ಅಪ್ಪ ಇನ್ನೊಂದು ಇಟ್ಟ. "ದಾರಿ ದೂರ ಇತ್ತಲ್ವಾ," ಎಂದ ಅಪ್ಪ, ಅವಳಿಗೋ ಅಮ್ಮನಿಗೋ ತಿಳಿಯದ ಹಾಗೆ. ಅಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡು ಕೆರೆಯ ಕಡೆ ನಡೆದಳು. ಅಪ್ಪ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದು ಕೋಟೆಯ ಕಡೆ ನಡೆದ. ಅವಳು ಯಾರ ಹಿಂದೆಯೂ ಹೋಗಬೇಕಾಗಿರಲಿಲ್ಲ. ಸ್ಲೇಟಿಗಾಗಿ ಅವಳಿಗೆ ಇನ್ನು ಯಾವ ಮನೆಯೂ ಬೇಕಾಗಿರಲಿಲ್ಲ.

ಅವಳು ಮುಷ್ಟಿ ಬಿಗಿ ಹಿಡಿದು ಹುಣಸೆಮರದವರೆಗೆ ಬಂದಳು. ಅಲ್ಲಿ ನಿಂತು ಮುಷ್ಟಿ ಬಿಚ್ಚಿದಳು. ಕೈಯ ಬಿಸಿಗೆ ಬೆಲ್ಲ ಕರಗಿ ಎರಡೂ ಚೂರು ಅಂಟಿಕೊಂಡಿದ್ದವು. ಯಾವುದು ಅಮ್ಮನದು, ಯಾವುದು ಅಪ್ಪನದು ಎಂದು ತಿಳಿಯುತ್ತಿರಲಿಲ್ಲ. ಅವಳಿಗೆ ಅಂಗೈ ನೆಕ್ಕಬೇಕು ಅನ್ನಿಸಿತು. ಸುತ್ತ ನೋಡಿದಳು. ಶಾಲೆಯ ಜಗಲಿಯಿಂದ ಮನೆಗೆ ಹೊರಟಿದ್ದ ಇಬ್ಬರು ಅವಳನ್ನು ಕಂಡು ನಿಂತು, ದೊಡ್ಡವರಿಗೆ ಮಾಡುವ ಹಾಗೆ ಕೈ ಮುಗಿದು ಹೋದರು.

ದೊಡ್ಡವರು ಅಂಗೈ ನೆಕ್ಕುವುದಿಲ್ಲ. ಅವಳು ಶಾಲೆಯ ಅಂಗಳದ ನೀರಿನ ತೊಟ್ಟಿಗೆ ಹೋಗಿ ಕೈ ಅದ್ದಿ ಉಜ್ಜಿದಳು. ಉಜ್ಜುವಾಗ ಅಭ್ಯಾಸದಿಂದ ಬಾಯಿಗೆ ಬಂತು, "ನಿನ್ನೆಯದು ಹೋಗಲಿ." ಬೆಲ್ಲ ನೀರಿನಲ್ಲಿ ಬಿಟ್ಟುಕೊಂಡಿತು. ಒದ್ದೆ ಕೈಯನ್ನು ಒರೆಸಿಕೊಳ್ಳದೆ ಬಿಸಿಲಿಗೆ ಚಾಚಿ, ಅದು ತಾನಾಗಿ ಆರುವವರೆಗೆ ಅಲ್ಲೇ ನಿಂತಳು.